ಹೊಳೆಗೆ ಹಾಕಿದ ಗೇಟು

ಹೊಳೆಬದಿ ತೋಟ, ಸಕಲೇಶಪುರ
೨೩ ನವೆಂಬರ್ ೨೦೨೪

ನನ್ನ ಮುದ್ದು ದೇವೂ,

ಹೇಗಿದ್ದೀಯ? ಮಂಗಳೂರಿನ ಕಾಫಿ ಗೋದಾಮಿನ ಧೂಳಿಗೆ ಕೆಮ್ಮು ಶುರುವಾಗಿಲ್ಲ ತಾನೆ? ಅತ್ತೆ ಕಟ್ಟಿಕೊಟ್ಟ ಕಷಾಯದ ಪುಡಿ ಹಾಗೇ ಉಳಿದಿದ್ದರೆ ನೋಡು. ಎಲ್ಲರ ಎದುರು ನಿನ್ನನ್ನು ‘ರೀ’ ಅಂದು ಅಂದು ಸಾಕಾಗಿದೆ, ಇಲ್ಲಿ ಮಾತ್ರ ನೀನು ನೀನೇ. ಫೋನ್ ಯಾಕೆ ಮಾಡಲಿಲ್ಲ ಅಂದರೆ, ಎರಡು ಮಾತಿಗೇ ನೀನು ನಗಿಸಿಬಿಡುತ್ತೀಯ. ಈ ಸಲ ನಾನು ನಗುವುದಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿದೆ ಕಣೋ.

ನಿನ್ನ ಸುಬ್ಬಯ್ಯ ದೊಡ್ಡಪ್ಪ ಹೊಳೆ ದಾಟುವ ಕಡವಿಗೆ ಗೇಟು ಹಾಕಿಸಿ ಬೀಗ ಜಡಿದಿದ್ದಾರೆ. ನಮ್ಮ ತೋಟದಿಂದ ಹೇಮಾವತಿಗೆ ಇಳಿಯುವ ಕಲ್ಲುಮೆಟ್ಟಿಲು, ಅಂಬಿಗ ಧರ್ಮನ ಹರಿಗೋಲು ಬಂದು ನಿಲ್ಲುವ ಜಾಗ, ಎಲ್ಲ ಬೇಲಿಯೊಳಗೆ. ಇನ್ನು ಅಲ್ಲಿ ಹೊಸ ರೆಸಾರ್ಟಿನವರ ಬಣ್ಣದ ದೋಣಿಗಳು ಮಾತ್ರವಂತೆ. ಆಚೆದಡದವರು ಸೇತುವೆ ಸುತ್ತಿಕೊಂಡು ಬರಲಿ ಅಂದರು. ಆ ದಡದಲ್ಲಿ ಮನೆಗಳು ಎದ್ದಿದ್ದೇ ಈ ಕಡವಿನಿಂದ ಅಂತ ನನಗೆ ಹೇಳಿದವನು ನೀನಲ್ಲವೇ? ನಿಮ್ಮ ಏಲಕ್ಕಿ, ಕಾಫಿ ಮೂಟೆಯೆಲ್ಲ ಹರಿಗೋಲಿನಲ್ಲಿ ದಾಟುತ್ತಿತ್ತು, ಎತ್ತಿನ ಗಾಡಿಗಳು ಆಚೆ ಕಾಯುತ್ತಿದ್ದವು, ಗಾಡಿಯವರಿಗೆ ಅನ್ನ ಬೇಯಿಸಿ ಹಾಕುತ್ತಿದ್ದವರು ಅಲ್ಲೇ ಊರಾದರು ಅಂತ ಎದೆಯುಬ್ಬಿಸಿ ಹೇಳಿದ್ದೆ ನೀನು. ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದೆ.

ನನ್ನನ್ನು ಮನೆ ತುಂಬಿಸಿಕೊಂಡ ದಿನ ನೆನಪಿದೆಯಾ? ಕಾರು ಬೇಡ, ಸೊಸೆ ಹೊಳೆ ದಾಟಿಯೇ ಬರಬೇಕು ಅಂದರು. ನಡುಹೊಳೆಯಲ್ಲಿ ಧರ್ಮ ಹುಟ್ಟು ಎತ್ತಿ ಹಿಡಿದು, “ಯಾವ ಮನೆಯವಳವ್ವಾ?” ಅಂದ. ಕಾನ್ವೆಂಟಿನ ಪೆದ್ದಿ ನಾನು, ಹಾಸನದ ಮನೆಯ ಡೋರ್ ನಂಬರು, ಕ್ರಾಸು ಎಲ್ಲ ಒಪ್ಪಿಸಿದೆ. ನಿಮ್ಮ ಮನೆಯ ಹೆಸರು ಹೇಳಬೇಕಿತ್ತಂತೆ, ಎರಡೂ ದಡ ಬಿದ್ದು ಬಿದ್ದು ನಕ್ಕವು. ಆಮೇಲೆ ಆಚೆದಡದ ಸೊಪ್ಪಿನ ಭೂತಮ್ಮ ಅಲ್ಲಿಂದಲೇ ಕೂಗಿ ಹೇಳಿದಳಲ್ಲ, “ಹೋಗು ಮಗಳೇ, ಈ ಹೊಳೇಲಿ ನಿನ್ ದಾರಿ ಇನ್ಯಾರೂ ಕಟ್ಟಂಗಿಲ್ಲ.” ಆ ಮಾತು ಬರೀ ನನ್ನೊಬ್ಬಳಿಗೆ ಅಂದುಕೊಂಡಿರಾ ನೀವೆಲ್ಲ?

ಇನ್ನೊಂದು ಕೇಳು. ಕಾಫಿ ಹಣ್ಣಾಗಿರುವ ಹೊತ್ತಿಗೇ ಬೀಗ ಹಾಕಿದ್ದಾರೆ ಮಹಾನುಭಾವರು. ಹಣ್ಣು ಕುಯ್ಯುವವರು ಬರುವುದು ಎಲ್ಲಿಂದ? ಆಚೆದಡದಿಂದ, ಅದೇ ಹರಿಗೋಲಿನಲ್ಲಿ. ದಿನವೂ ತೋಟದ ಲೆಕ್ಕ ಬರೆಯುವ ರೈಟರ್ ರಂಗಸ್ವಾಮಿ ಖಾಲಿ ಚೀಲಗಳ ಪಕ್ಕ ಕೂತು ಹೊಳೆ ನೋಡುತ್ತಾನೆ, ಹಣ್ಣು ಗಿಡದ ಬುಡಕ್ಕೆ ಉದುರುತ್ತಿದೆ. ದೊಡ್ಡಪ್ಪ ಸೇತುವೆ ಸುತ್ತಿಸಿ ಜೀಪು ಕಳಿಸಿದರೆ ಒಬ್ಬರೂ ಹತ್ತಲಿಲ್ಲ. ಜೊತೆಗೆ ಹೋಗಿದ್ದ ನನಗೆ ಭೂತಮ್ಮ ಅಂದಳು, “ನಿಮ್ ಗೇಟ್ನೇ ಕೇಳವ್ವ, ಅದೇ ಹಣ್ಣು ಕುಯ್ತದೆ.” ನಾಚಿಕೆಯಿಂದ ತಲೆ ಎತ್ತಲಿಲ್ಲ ನಾನು. ಸಂತೆಗೆ ಸೊಪ್ಪು ತರುವ ದಾರಿಯೂ ಅವಳಿಗೆ ಅದೇ ಆಗಿತ್ತು.

ದೊಡ್ಡಪ್ಪ ಈ ಮನೆಯಲ್ಲಿ ಕೇಳುವುದು ನಿನ್ನೊಬ್ಬನ ಮಾತು. ಈ ಕಾಗದ ಕೈಸೇರಿದ ಕೂಡಲೇ ಅವರಿಗೆ ಫೋನ್ ಮಾಡಿ ಬೀಗ ತೆಗೆಸು. ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ. ನನ್ನ ಕಡೆಯಿಂದ ಬೇಕಾದಷ್ಟು ಪ್ರೀತಿ, ಅದರ ಎರಡರಷ್ಟು ಸಿಟ್ಟು.

ನಿನ್ನ
ಶೃತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ದೊಡ್ಡಪ್ಪ ಕಾಫಿಗೆ ಬಂದರು. ನೇರವಾಗಿ ಕೇಳಿಬಿಟ್ಟೆ. “ನನ್ಯಾಕೆ ಬಯ್ತೀಯಮ್ಮ, ರೆಸಾರ್ಟ್ನೋರು ದುಡ್ಡು ಕೊಡ್ತಾರೆ, ಗೇಟ್ ಹಾಕ್ಸಿ ಅಂದೋನೇ ನಿನ್ ಗಂಡ” ಅಂದರು. ಈಗಷ್ಟೇ ನಾನು, ಅತ್ತೆ ಸೇರಿ ಹಾರೆಯಿಂದ ಮೀಟಿ ಗೇಟನ್ನು ಕಿತ್ತು ಕಣದಲ್ಲಿ ಮಲಗಿಸಿದ್ದೇವೆ. ಬೀಗ ಹಾಗೇ ಇದೆ, ಬಂದು ತೆಗೆದುಕೋ. ಮುಂದಿನ ಶನಿವಾರ ನೀನು ಸೇತುವೆ ಮೇಲೆ ಬರಬೇಡ. ಆಚೆದಡದಲ್ಲಿ ನಿಂತು ಕೂಗು. ಕರೆತರುವುದೋ ಬಿಡುವುದೋ, ಭೂತಮ್ಮನ್ನ ಕೇಳಿಕೋ. ನಡುಹೊಳೆಯಲ್ಲಿ ಧರ್ಮ ಹುಟ್ಟು ಎತ್ತಿ ನಿನ್ನನ್ನೂ ಕೇಳುತ್ತಾನೆ, ಯಾವ ಮನೆಯವನು ಅಂತ. ಏನು ಹೇಳುತ್ತೀಯೋ ಈಗಲೇ ಯೋಚಿಸಿಟ್ಟುಕೋ. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿರುತ್ತೇನೆ.