ಎರಡನೆಯ ಕೊಳಗದ ಪಾನಕ

ಹಳೇಬೀಡು
೧೨-೪-೧೯೬೧

ಚಿ. ಸೌ. ತಂಗಿ ಗೋದಾಗೆ,

ನಿನ್ನ ಅಕ್ಕ ರಂಗನಾಯಕಿಯ ಆಶೀರ್ವಾದ. ನಾವೆಲ್ಲ ಕ್ಷೇಮ; ಅರಸೀಕೆರೆಯಲ್ಲಿ ನೀವೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ನಿನ್ನ ಭಾವನ ಸ್ಕೂಲಿನಲ್ಲಿ ಪರೀಕ್ಷೆ ಎಂದು ನೆಪ ಹೇಳಬಹುದಿತ್ತು. ನಿಜವಾಗಿ ಬರೆಯಲು ಮುಖವಿರಲಿಲ್ಲ.

ರಾಮನವಮಿಗೆ ಬೇಲೂರಿಗೆ, ಅಮ್ಮನ ಹತ್ತಿರ ಹೋಗಿದ್ದೆ. ನಮ್ಮ ಸಂಪತ್ತುವಿನ ಹೆಂಡತಿ ಕಮಲನ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ದಿನದ ಅಡಿಗೆಯೆಲ್ಲ ಅವಳದೇ ಆಗಿಹೋಗಿದೆ. ಅಮ್ಮನಿಗೆ ಉಳಿದಿರುವುದು ಹಬ್ಬದ ಪಾನಕ ಒಂದೇ. ಅಮ್ಮ ಅದನ್ನು ಬೆರೆಸಿದಳೋ ಇಲ್ಲವೋ, ಇವಳು ಪ್ರತಿ ವರ್ಷ, "ಅತ್ತೆ, ನೀವು ಹೋಗಿ ಹೂ ಕಟ್ಟಿ, ಇಲ್ಲಿ ನಾನು ನೋಡ್ಕೋತೀನಿ" ಎಂದು ಸಾಗಹಾಕುತ್ತಾಳೆ. ಅಷ್ಟೇನು ಅಕ್ಕರೆ? ಈ ಸಲ ನಾನು ಹಿತ್ತಿಲಿಗೆ ಹೋಗಿ ಅಡಿಗೆಮನೆ ಕಿಟಕಿಯಲ್ಲಿ ಇಣುಕಿದೆ. ತಪ್ಪು ಅಂತೀಯ, ಅನ್ನು.

ಏನು ನೋಡಿದೆ ಗೊತ್ತೇನೆ? ಅಮ್ಮನ ಕೊಳಗವನ್ನು ಮೂಲೆಗೆ ತಳ್ಳಿ, ಬಟ್ಟೆ ಮುಚ್ಚಿ ಬಚ್ಚಿಟ್ಟಿದ್ದ ಇನ್ನೊಂದು ಕೊಳಗವನ್ನು ಅಲ್ಲಿಟ್ಟಳು. ತಾನು ಮಾಡಿದ ಪಾನಕ! ಅಮ್ಮನಿಂದ ಅದೊಂದನ್ನೂ ಕಿತ್ತುಕೊಳ್ಳುವ ಹುನ್ನಾರವೆಂದು ಮೈ ಉರಿದುಹೋಯಿತು.

"ಏನೇ ಇದು ಕಳ್ಳತನ?"

"ಅಕ್ಕ, ಮೆಲ್ಲಗೆ. ಅತ್ತೆಗೆ ಕೇಳ್ಸುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಆಮೇಲೆ ಎಲ್ಲ ಹೇಳ್ತೀನಿ."

ಕೇಳಿಸಲಿ ಎಂದೇ ಕೂಗಾಡಿದೆ. ಅಮ್ಮ ಬಂದಳು, ಸಂಪತ್ತು ಬಂದ. ಕಮಲ ತುಟಿ ಬಿಚ್ಚಲಿಲ್ಲ. ನಾನೇ ಅಮ್ಮನ ಕೊಳಗವನ್ನು ದೇವರ ಮುಂದಿಟ್ಟೆ. ನೈವೇದ್ಯವಾದ ಮೇಲೆ ಬೀದಿಯವರಿಗೆಲ್ಲ ನಾನೇ ಹಂಚಿದೆ.

ಎದುರುಮನೆ ರುದ್ರಮ್ಮನವರು ಒಂದು ಗುಟುಕು ಕುಡಿದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ನಾನೂ ಬಾಯಿಗಿಟ್ಟೆ. ಸಾಸಿವೆ ಕಾಳಷ್ಟು ಹಾಕಬೇಕಾದ ಪಚ್ಚಕರ್ಪೂರವನ್ನು ಯಾರೋ ಸುರಿದುಬಿಟ್ಟಿದ್ದರು, ಗಂಟಲಿಗಿಳಿಯದಷ್ಟು ಕಹಿ. ಇದೂ ಇವಳದೇ ಕೆಲಸ ಎಂದು ಕಮಲನ ಕಡೆ ತಿರುಗಿದೆ. ಅಷ್ಟರಲ್ಲಿ ಅಮ್ಮ ತನ್ನ ಲೋಟ ಪೂರಾ ಕುಡಿದು ಕೆಳಗಿಟ್ಟಳು.

"ಯಾಕ್ರೇ ಎಲ್ಲ ಹಾಗೆ ನೋಡ್ತೀರಿ? ಚೆನ್ನಾಗೇ ಇದೆಯಲ್ಲ!"

ಕಮಲ ಅಳುತ್ತಾ ಒಳಗೆ ಹೋದಳು.

ಆಮೇಲೆ ಸಂಪತ್ತು ಹೇಳಿದ. ನಾಲ್ಕು ವರ್ಷದ ಹಿಂದಿನ ಆ ಜ್ವರದಲ್ಲಿ ಅಮ್ಮನ ಮೂಗು, ನಾಲಿಗೆ ಎರಡೂ ಹೋದವಂತೆ. ಅಡಿಗೆಮನೆ ಪೂರಾ ಬಿಡಿಸುತ್ತಾರೆಂದು ಅಮ್ಮ ಯಾರಿಗೂ ಹೇಳಲಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲವಲ್ಲ, ಅಮ್ಮ ಹದ ನೋಡುತ್ತಿದ್ದದ್ದೇ ಮೂಗಿನಿಂದ. ಪರಿಮಳ ಬರಲಿ ಎಂದು ಹಾಕುತ್ತಲೇ ಇರುತ್ತಾಳೆ, ಅದು ಬರುವುದೇ ಇಲ್ಲ. ಕಮಲ ಇದನ್ನು ಕಂಡುಕೊಂಡು, ಅತ್ತೆಗೂ ತಿಳಿಯದ ಹಾಗೆ ನಾಲ್ಕು ವರ್ಷ ಕೊಳಗ ಬದಲಿಸಿದ್ದಾಳೆ.

ತಪ್ಪಾಯಿತು ಕಮಲ ಎಂದೆ. "ನನಗೇನಕ್ಕ, ಅತ್ತೆ ಮುಖ ನೋಡಿ" ಎಂದಳಷ್ಟೆ. ನೀನು ಬೇಲೂರಿಗೆ ಹೋದಾಗ ಈ ಮಾತು ಎತ್ತಬೇಡ. ನಿನ್ನ ಮನೆಯವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ರಂಗನಾಯಕಿ

ತಾ.ಕ.: ಹೊರಡುವಾಗ ಅಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದಳು: "ವರ್ಷಾ ವರ್ಷಾ 'ನಿನ್ನ ಕೈ ರುಚಿ ಯಾರಿಗೂ ಬರಲ್ಲಮ್ಮ' ಅಂತ ಎರಡೆರಡು ಲೋಟ ಕುಡೀತಿದ್ದೆಯಲ್ಲೇ ರಂಗ, ಅದು ನಂದಲ್ವೇನೇ?" ಬಸ್ಸಿಗೆ ಹೊತ್ತಾಯಿತು ಎಂದು ಕೈ ಬಿಡಿಸಿಕೊಂಡು ಬಂದುಬಿಟ್ಟೆ.