ಎಂಜಿನ್ ಕಟ್ಟಿದ ಹೊರಸು

ಕ್ರಿ.ಶ. 2243, ಹದಿನಾಲ್ಕನೆಯ ತಿಂಗಳ ಮೊದಲ ದಿನ
ಡೋಣಿ ಬಯಲು, ವಿಜಯಪುರ

ಮಲಕಪ್ಪ ಮುತ್ಯಾ, ನಿಮ್ಮ ಪಾದಕ್ಕೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಇಲ್ಲಿ ಎಲ್ಲವೂ ಬೇಗ ಮುಗಿಯಬೇಕು, ಹಾಗಾಗಿ ತಿಂಗಳನ್ನೂ ಕತ್ತರಿಸಿ ಗಿಡ್ಡ ಮಾಡಿಕೊಂಡಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲವ್ವ, ನಿಮ್ಮ ವಂಶದ ಏಳನೆಯ ತಲೆಮಾರಿನವಳು. ನನಗೀಗ ನಲವತ್ತೈದು, ಈ ಕಾಗದ ಮುಟ್ಟುವಾಗ ನಿಮಗೆ ಇಪ್ಪತ್ತಾರು. ಆದರೂ ಮುತ್ಯಾ ಮುತ್ಯಾನೇ. ಹಿಂದಿನವರಿಗೆ ಕಾಗದ ಮುಟ್ಟಿಸುವ ಮರಳಂಚೆ ಎಂಬುದು ನಮ್ಮಲ್ಲುಂಟು, ಜೀವಮಾನದಲ್ಲಿ ಒಬ್ಬರಿಗೆ ಒಂದೇ ಕಾಗದ. ನನ್ನದು ಇದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿವೆ.

ನಾಳೆ ನೀವು ಹಗ್ಗ ಹೆಣೆದ ಹೊರಸಿನ ನಾಲ್ಕು ಕಾಲಿಗೂ ಗಾಲಿ ಹಚ್ಚಿ, ತಲೆದೆಸೆಗೆ ಹಳೇ ಬೈಕಿನ ಎಂಜಿನ್ ಕಟ್ಟಿ, ಅಂಗಾತ ಮಲಗಿಕೊಂಡೇ ಬೈಪಾಸ್ ರಸ್ತೆಯಲ್ಲಿ ಓಡಿಸಲಿದ್ದೀರಿ. ಗ್ಯಾರೇಜಿನ ಗೆಳೆಯರು ಪಂಥ ಕಟ್ಟಿದ್ದಾರಲ್ಲ, ಅದಕ್ಕೆ. ಗಂಟೆಗೆ ತೊಂಬತ್ತು ಕಿಲೋಮೀಟರ್! ಅಲ್ಲಿಯವರೆಗೆ ಜಗತ್ತಿನಲ್ಲಿ ಅಷ್ಟು ಜೋರಾಗಿ ಓಡಿದ ಹೊರಸು ಇನ್ನೊಂದಿಲ್ಲ. ಇಳಿದ ಮೇಲೆ ಯಾರೋ ಮೊಬೈಲ್ ಹಿಡಿದು, "ಮಲಕಪ್ಪಾ, ಏನರ ಹೇಳಪಾ" ಅನ್ನುತ್ತಾರೆ. ನೀವು ಮೀಸೆ ತಿರುವಿ ಹೇಳುತ್ತೀರಿ: "ಇದೇನ್ ಮಹಾ! ನನ್ನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇದಕ್ಕಿಂತ ಜೋರ್ ಓಡಿಸ್ತಾರ, ಬರಕೋರಿ!"

ಬರಕೊಂಡರು, ಮುತ್ಯಾ.

ನಿಮ್ಮ ಕಾಲಕ್ಕೆ ದಾಖಲೆ ಎಂದರೆ ಪೇಪರಿನಲ್ಲಿ ಫೋಟೊ, ಕೊರಳಿಗೆ ಹಾರ. ನಮ್ಮಲ್ಲಿ ಅದರ ಹೆಸರು ಮೀರುಕಟ್ಟು. ದಾಖಲೆ ಮಾಡಿದ ಹಿರಿಯರು ತಮ್ಮ ವಂಶದ ಪರವಾಗಿ ಹಾಗೆ ಮಾತು ಕೊಟ್ಟಿದ್ದರೆ, ತಲೆಮಾರಿಗೊಬ್ಬರು ಅದನ್ನು ಮೀರಲೇಬೇಕು. ಮೀರದಿದ್ದರೆ ಅದು 'ನಿಂತ ಮನೆ'. ನಿಂತ ಮನೆಗೆ ಹೆಣ್ಣು ಕೊಡುವುದಿಲ್ಲ, ನಲ್ಲಿಗೆ ನೀರು ಬಿಡುವುದಿಲ್ಲ, ಸತ್ತರೆ ಹೆಗಲು ಕೊಡುವುದಿಲ್ಲ. ಪಕ್ಕದ ಮನೆಯ ಶಾವಂತ್ರವ್ವನ ಹಿರಿಯನೊಬ್ಬ ಹಿಮ್ಮುಖವಾಗಿ ಓಡಿ ಗೆದ್ದಿದ್ದನಂತೆ. ಪಾಪ, ಅಭ್ಯಾಸ ತಪ್ಪಬಾರದೆಂದು ಆಕೆ ಸಂತೆಗೂ ಹಿಂದುಹಿಂದಕ್ಕೇ ನಡೆದು ಹೋಗುತ್ತಾಳೆ, ಕುತ್ತಿಗೆ ಸೊಟ್ಟಗಾಗಿದೆ. ಎದುರು ಮನೆಯವರದು ಉಳ್ಳಾಗಡ್ಡಿ ಹೆಚ್ಚುವ ದಾಖಲೆ. ಆ ಮನೆಯಲ್ಲಿ ಹತ್ತೂ ಬೆರಳಿರುವುದು ಕೂಸುಗಳಿಗೆ ಮಾತ್ರ. ಅವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ಬೆರಳು ಹೋದರೇನು, ಜೀವ ಉಳಿಯುತ್ತದಲ್ಲ.

ನಮ್ಮವರ ಹುಚ್ಚಿಗೆ ಏನನ್ನಲಿ! ನಿಮ್ಮ ಮಗ ಒಂದೇ ಒಂದು ಕಿಲೋಮೀಟರ್ ಹೆಚ್ಚು ಓಡಿಸಿದ್ದರೆ ಸಾಕಿತ್ತು. ಅವರು ಐವತ್ತು ಏರಿಸಿದರು, ಅವರ ಮಗಳು ನೂರು ಏರಿಸಿದಳು. ಒಬ್ಬರಾದರೂ ಮುಂದಿನ ಕೂಸಿನ ಯೋಚನೆ ಮಾಡಲಿಲ್ಲ. ಈಗದು ಏಳುನೂರು ದಾಟಿದೆ. ಹೊರಸು ಮಾತ್ರ ಅದೇ, ಕಟ್ಟಿಗೆಯ ಚೌಕಟ್ಟು, ನೂಲಿನ ಹಗ್ಗ. ಬದಲಿಸಿದರೆ ದಾಖಲೆ ಊರ್ಜಿತವಲ್ಲ. ನನ್ನ ತಲೆಮಾರಿನಲ್ಲಿ ನಮ್ಮಣ್ಣ ಬಸಲಿಂಗ ಓಡಿಸಿದ. ಗಾಲಿ ಗೆರೆ ದಾಟುವಾಗ ಅವನಲ್ಲಿ ಉಸಿರಿರಲಿಲ್ಲ. ಗಾಲಿ ದಾಟಿತಲ್ಲ, ಮೀರಿದ ಎಂದೇ ಸಾರಿದರು. ಡೊಳ್ಳು ಬಾರಿಸಿ ಅವ್ವನಿಗೆ ಹೊಸ ಸೀರೆ ಉಡಿಸಿದರು. ಅವ್ವ ಆ ಸೀರೆಯಲ್ಲೇ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ಇವತ್ತು ನನ್ನ ಮಗಳು ದಾನಮ್ಮನ ಸರದಿ. ಇರುವವಳು ಅವಳೊಬ್ಬಳೇ. "ಯವ್ವಾ, ಸುಮ್ನ ಯಾಕ ಅಂಜತಿ? ಕಣ್ಣ ಮುಚ್ಚಿ ತಗಿಯೂದ್ರಾಗ ಮುಗದಿರತೈತಿ" ಅನ್ನುತ್ತಾಳೆ. ನನ್ನ ಅಂಜಿಕೆಯೂ ಅದೇ, ಮುತ್ಯಾ. ಬೆಳಿಗ್ಗೆ ರೊಟ್ಟಿ ಮುಂದಿಟ್ಟರೆ ಒಂದು ತುತ್ತೂ ಮುಟ್ಟಲಿಲ್ಲ. ಬೆವರಿದ ಅಂಗೈಯನ್ನು ನನಗೆ ಕಾಣದಂತೆ ಬಟ್ಟೆಗೆ ಒರೆಸಿಕೊಂಡಳು. ಧೈರ್ಯವೆಲ್ಲ ಬಾಯಲ್ಲೇ, ನಿಮ್ಮದೇ ರಕ್ತ.

ನೀವು ಹೊರಸು ಓಡಿಸಿ, ಬೇಡ ಅನ್ನುವುದಿಲ್ಲ. ಹಾರ ಹಾಕಿಸಿಕೊಳ್ಳಿ, ಗೆಳೆಯರ ಜೊತೆ ಚಹಾ ಕುಡಿಯಿರಿ. ಆ ಒಂದು ಮಾತು ಮಾತ್ರ ನುಂಗಿಬಿಡಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮದುವೆಯೇ ಆಗದವರಿಗೆ ಮರಿಮಕ್ಕಳ ಉಸಾಬರಿ ಯಾಕೆ, ಹೇಳಿ! ಮೊಬೈಲ್ ಮುಂದೆ ಬಂದಾಗ, "ಏನಿಲ್ಲೋ, ಹಸಿವ್ಯಾಗೇತಿ, ಮನೀಗ್ ಹೊಂಟೆ" ಅಂದು ನಡೆದುಬಿಡಿ. ಕಾಲಿಗೆ ಬೀಳುತ್ತೇನೆ.

ಹೊರಗೆ ಕರೆಯುತ್ತಿದ್ದಾರೆ. ಓಡಿಸುವವರನ್ನು ಹೊರಸಿಗೆ ಕಟ್ಟುವವಳು ಹಡೆದವ್ವನೇ ಆಗಬೇಕು, ಹೆತ್ತ ಕೈ ಸಡಿಲ ಕಟ್ಟುವುದಿಲ್ಲವೆಂದು ಇಲ್ಲಿಯವರ ನಂಬಿಕೆ. ಎದೆಗೊಂದು, ಸೊಂಟಕ್ಕೊಂದು, ಕಾಲಿಗೊಂದು ಗಂಟು. ನಾನು ನಿಧಾನವಾಗಿ ಕಟ್ಟುತ್ತೇನೆ. ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟುತ್ತೇನೆ. ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಅಲ್ಲಿ ನೀವು ಬಾಯಿ ಮುಚ್ಚಿಕೊಂಡ ಗಳಿಗೆಯಲ್ಲಿ ನಮ್ಮ ಮನೆಯ ಮೀರುಕಟ್ಟೇ ಅಳಿಸಿಹೋಗಿ, ಇಲ್ಲಿ ನನ್ನ ಕೈಗೆ ಈ ಹಗ್ಗ ಯಾಕೆ ಬಂತೆಂಬುದೇ ನನಗೆ ಮರೆತುಹೋಗುತ್ತದಂತೆ.

ಬೇಗ ಮರೆಸಿ, ಮುತ್ಯಾ.

ನಿಮ್ಮ
ನೀಲವ್ವ