ಅಜ್ಜಿಯ ಹೆಸರು

ಹುಬ್ಬಳ್ಳಿ,
ಶನಿವಾರ

ಪ್ರೀತಿಯ ಅಜ್ಜಿಗೆ ಶರಣು.

ಹಾಸ್ಟೆಲಿನ್ಯಾಗ ನಾ ಆರಾಮ ಅದೇನಿ. ಈಗ ನನಗ ಇಬ್ಬರು ಗೆಳತ್ಯಾರು ಅದಾರ, ಸೌಮ್ಯಾ ಮತ್ತ ಕಾವೇರಿ.

ಒಂದು ಮಾತು ನಿನಗ ಹೇಳದ ಮುಚ್ಚಿಟ್ಟಿದ್ದೆ. ಹೊಸಾ ಸಾಲಿಯೊಳಗ ಮೊದಲನೇ ದಿನ ಟೀಚರ್ ಹಾಜರಿ ತಗೋವಾಗ 'ಶರಣವ್ವ' ಅಂದಕೂಡಲೇ ಇಡೀ ಎಂಟನೇ ಕ್ಲಾಸು ನಕ್ಕಿತು. "ಮುದುಕಿ ಹೆಸರು" ಅಂದ್ರು. ಅಪ್ಪ ನೋಡಾಕ ಬಂದಾಗ ಅತ್ತು, ಹೆಸರು ಶರಣ್ಯಾ ಅಂತ ಬದಲಿ ಮಾಡಸು ಅಂದೆ. ನಿನಗ ಹೇಳಬ್ಯಾಡ ಅಂತನೂ ಅಂದಿದ್ದೆ.

ಮೊನ್ನೆ ಕನ್ನಡ ಟೀಚರ್, "ನಿಮಗ ಯಾರ ಹೆಸರು ಇಟ್ಟಾರ, ಎದ್ದು ನಿಂತು ಹೇಳ್ರಿ" ಅಂದ್ರು. ನನ್ನ ಪಾಳಿ ಬಂತು, ಎದ್ದು ನಿಂತೆ.

"ನಮ್ಮಜ್ಜೀದು. ಅಜ್ಜನ ಕಾಲು ಮುರದ ವರ್ಷ ಆಕಿ ಟ್ರ್ಯಾಕ್ಟರ್ ಹೊಡಿಯೋದು ಕಲತು, ಹತ್ತಿ ಹೇರಿಕೊಂಡು ತಾನ ಅಮರಗೋಳದ ಮಾರ್ಕೆಟ್ಟಿಗೆ ಹೋದ್ಲು. ಗಂಡಸರೆಲ್ಲಾ ನಿಂತು ನೋಡಿದ್ರಂತ," ಅಂದೆ.

ಯಾರೂ ನಗಲಿಲ್ಲ. ಸೌಮ್ಯಾ, "ಈಗೂ ಹೊಡೀತಾರೇನು?" ಅಂತ ಕೇಳಿದ್ಲು.

"ಈ ವರ್ಷ ಬಿತ್ತಿದಾಕಿನೂ ಆಕೀನ," ಅಂದೆ.

ಮಧ್ಯಾಹ್ನ ಊಟದ ಹೊತ್ತಿಗೆ ಕಾವೇರಿ ತಾನಾಗೇ ಡಬ್ಬಿ ತಗೊಂಡು ನನ್ನ ಬಾಜೂಕ ಬಂದು ಕೂತ್ಲು. "ಶರಣವ್ವ, ನಿಮ್ಮಜ್ಜಿದು ಇನ್ನಷ್ಟು ಹೇಳ," ಅಂದ್ಲು. ಸೌಮ್ಯಾನೂ ಬಂದ್ಲು. ಬೆಲ್ ಹೊಡದದ್ದು ಮೂವರಿಗೂ ಕೇಳಲಿಲ್ಲ.

ಮುಂದಿನ ವಾರ ಅಪ್ಪ ಹೆಸರು ಬದಲಿ ಅರ್ಜಿ ಕೊಡಾಕ ಬರತಾನ. ಅರ್ಜಿ ಬ್ಯಾಡ ಅಂತ ನೀನ ಹೇಳು. ಅವ ಬರುವಾಗ ಅವನ ಕೈಯಾಗ ನನ್ನ ನೀಲಿ ಸ್ವೆಟರ್ ಕಳಸು. ಇಲ್ಲಾ, ನೀನ ತಗೊಂಡು ಬಾ. ಗೆಳತ್ಯಾರಿಗೆ ನಿನ್ನ ತೋರಸಬೇಕಾಗೇತಿ.

ನಿನ್ನ ಹೆಸರಿನಾಕಿ,
ಶರಣವ್ವ